ಕಿಂಡಿ, ಜಾಲಂಧ್ರ, ಗಾಜು: ನಮ್ಮ ಸೀಮೆಯ ಕಿಟಕಿಯ ಕಥೆ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಈಗ ಹೊಸ ಮನೆ ಎಂದರೆ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಚೌಕಟ್ಟಿನ, ಪಕ್ಕಕ್ಕೆ ಜಾರುವ ಗಾಜಿನ ಕಿಟಕಿ ಸಾಮಾನ್ಯ. ಅಂಗಡಿಯಲ್ಲಿ ಎದುರಾಗುವುದು ಎರಡೇ ಪ್ರಶ್ನೆ: ಎಷ್ಟು ಎಂಎಂ? ಯಾವ ಬಣ್ಣ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಗೋಡೆಯಲ್ಲಿ ಕಿಟಕಿ ಇರುವುದು ಗಾಳಿಗೋ, ಬೆಳಕಿಗೋ? ನಮ್ಮ ಹಿಂದಿನವರು ಗಾಜಿಲ್ಲದೆಯೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು.

ಈ ಮೂರೂ ತಾಲ್ಲೂಕುಗಳು ಇಂದು ಚಾಮರಾಜನಗರ ಜಿಲ್ಲೆಯಲ್ಲಿವೆ. ಆದರೆ 1956ರವರೆಗೆ ಇವುಗಳ ನಡುವೆ ಒಂದು ಗಡಿ ಇತ್ತು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಯಳಂದೂರು ಮೈಸೂರಿನದು. ಆಡಳಿತ ಬೇರೆಯಾದರೂ ಬಿಸಿಲು ಒಂದೇ. ಹಾಗಾಗಿ ಮನೆಗಳ ಸ್ವಭಾವವೂ ಹೆಚ್ಚು ಬೇರೆಯಾಗಲಿಲ್ಲ. ದಪ್ಪ ಮಣ್ಣಿನ ಗೋಡೆ, ಸಣ್ಣ ಕಿಟಕಿ, ಕಂಬಿ, ಮರದ ಬಾಗಿಲು. ಬಾಗಿಲನ್ನು ಮೇಲೆ ಎರಡು, ಕೆಳಗೆ ಎರಡು ಎಂದು ನಾಲ್ಕು ಹೋಳು ಮಾಡಿದ ಹಳೆಯ ಕಿಟಕಿಗಳನ್ನು ನೀವೂ ನೋಡಿರುತ್ತೀರಿ. ಕೆಳಗಿನದು ಮುಚ್ಚಿದರೆ ಬೀದಿಯವರ ಕಣ್ಣು ಒಳಗೆ ಬೀಳದು. ಮೇಲಿನದು ತೆರೆದರೆ ಬೆಳಕೂ ಗಾಳಿಯೂ ಬರುತ್ತವೆ. ಇನ್ನೂ ಹಿಂದಕ್ಕೆ ಹೋದರೆ, ಕೊಳ್ಳೇಗಾಲಕ್ಕೆ ದೂರವಲ್ಲದ ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ದೇಗುಲದಲ್ಲಿ ಕಲ್ಲನ್ನೇ ಕೊರೆದ ಜಾಲಂಧ್ರಗಳಿವೆ. ಬಿಸಿಲನ್ನು ಸೋಸಿ ಗಾಳಿಯನ್ನು ಒಳಗೆ ಬಿಡುವುದೇ ಅವುಗಳ ಕೆಲಸ.

ಹಾಗೆಂದು ಗಾಜು ನಮಗೆ ಅಪರಿಚಿತವಾಗಿರಲಿಲ್ಲ. ಈಗಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುತ್ತಿದ್ದುದನ್ನು 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಗಾಜು ಮೊದಲು ನಮ್ಮ ಕೈಗೆ ಬಂತು, ಆಮೇಲೆ ಕನ್ನಡಿಗೆ, ಲಾಟೀನಿಗೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಮಂಗಳೂರು ಹೆಂಚು ಊರೂರಿಗೆ ಹರಡಿದಂತೆ ಅದೇ ಅಳತೆಯ ಗಾಜಿನ ಹೆಂಚೂ ಅಡುಗೆಮನೆಯ ಮಾಡು ಸೇರಿತು. ಬೆಳಕು ಮೇಲಿನಿಂದ, ಗಾಳಿ ಕಿಟಕಿಯಿಂದ: ಎರಡು ಕೆಲಸಕ್ಕೆ ಎರಡು ದಾರಿ.

ಗೋಡೆಯ ಕಿಟಕಿಗೆ ಗಾಜು ತಡವಾಗಿ ಬರಲು ಬೆಲೆಯೂ ಕಾರಣ. ಒಂದು ಕಾಲಕ್ಕೆ ಹಾಳೆ ಗಾಜು ಎಂದರೆ ಊದಿದ ಕೊಳವೆಯನ್ನು ಸೀಳಿ ಚಪ್ಪಟೆ ಮಾಡಿದ್ದು. 20ನೇ ಶತಮಾನದ ಆರಂಭದಲ್ಲಿ ಯಂತ್ರದಿಂದ ಹಾಳೆ ಎಳೆಯುವುದು ಬಂತಾದರೂ ನಮ್ಮ ದೇಶಕ್ಕೆ ಗಾಜು ಬಹುಪಾಲು ಬೆಲ್ಜಿಯಂನಂಥ ದೇಶಗಳಿಂದ ಹಡಗಿನಲ್ಲಿ ಬರಬೇಕಿತ್ತು. ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಇಂದಿನ ‘ಫ್ಲೋಟ್ ಗ್ಲಾಸ್’ ಇದೇ. 2000ದಲ್ಲಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲೇ ಸೇಂಟ್ ಗೋಬೇನ್ ಕಾರ್ಖಾನೆ ಶುರುವಾಯಿತು.

ಕಿಟಕಿ ಎಂದರೆ ಬರೀ ಅಂದವಲ್ಲ ಎಂದು ನಮ್ಮ ಸೀಮೆಗೆ ಕಲಿಸಿದ್ದು ರೇಷ್ಮೆ. ಮದ್ರಾಸ್ ಪ್ರಾಂತ್ಯದ ಕಾಲದಿಂದಲೂ ಕೊಳ್ಳೇಗಾಲ ಹಿಪ್ಪುನೇರಳೆಯ ನೆಲ. ರೇಷ್ಮೆಹುಳುವಿಗೆ ಸುಮಾರು 24ರಿಂದ 28 ಡಿಗ್ರಿ ಶಾಖ ಬೇಕು, ಗಾಳಿ ಆಡಬೇಕು, ನೇರ ಬಿಸಿಲು ಬೀಳಬಾರದು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಬೆಳೆ ಹೋಯಿತು. ಆಗ ರೈತರು ಹುಳುಮನೆಯ ಕಿಟಕಿಗೆ ಹಾಕಿಸಿದ್ದು ಗಾಜಲ್ಲ, ಸಣ್ಣ ಕಣ್ಣಿನ ಜಾಲರಿ. ನೊಣ ಹೊರಗೆ, ಗಾಳಿ ಒಳಗೆ. ಹುಳುವಿಗೆ ಇಷ್ಟು ಯೋಚಿಸಿ ಕಿಟಕಿ ಮಾಡಿಸುವ ನಾವು ನಮ್ಮ ಮಲಗುವ ಕೋಣೆಗೆ ಬಣ್ಣ ನೋಡಿ ಗಾಜು ಆರಿಸುತ್ತೇವೆ!

ಗಾಜಿನ ಗುಣವೇ ಹಾಗೆ. ಬಿಸಿಲನ್ನು ಒಳಗೆ ಬಿಡುತ್ತದೆ. ಅದು ನೆಲಕ್ಕೆ, ಗೋಡೆಗೆ ತಾಗಿ ಶಾಖವಾದ ಮೇಲೆ ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹಾಗಾಗಿ ದಿಕ್ಕು ಮುಖ್ಯ. ಕೊಳ್ಳೇಗಾಲ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದರೂ ಅಷ್ಟು ಎತ್ತರದ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯುತ್ತದೆ. ಸಜ್ಜಾಕ್ಕೆ ಬಗ್ಗದವನು ಸಂಜೆಯ ಸೂರ್ಯ. ಆದ್ದರಿಂದ ಪಶ್ಚಿಮಕ್ಕೆ ದೊಡ್ಡ ಗಾಜು ಬೇಡ. ಇರಲೇಬೇಕಾದರೆ ಹೊರಗೆ ಮರ, ಚಪ್ಪರ ಅಥವಾ ಮರದ ಬಾಗಿಲಿರಲಿ. ಬಿಸಿಲನ್ನು ಗಾಜಿನ ಆಚೆಯೇ ತಡೆಯಬೇಕು. ಒಳಗಿನ ಪರದೆ ತಡೆದ ಶಾಖದ ಬಹುಪಾಲು ಮನೆಯಲ್ಲೇ ಉಳಿಯುತ್ತದೆ.

ಇನ್ನು ಎಂಎಂ ಲೆಕ್ಕ. ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರಕ್ಕೆ 4 ಎಂಎಂ ಗಾಜು ಸುಮಾರು 11 ಕಿಲೋ, 5 ಎಂಎಂ ಸುಮಾರು 14 ಕಿಲೋ. ದಪ್ಪ ಹೆಚ್ಚಿದರೆ ಗಟ್ಟಿತನ ಹೆಚ್ಚುತ್ತದೆ, ತಂಪೇನೂ ಹೆಚ್ಚುವುದಿಲ್ಲ. ಮಕ್ಕಳ ಕೈಗೆಟಕುವ ತಗ್ಗು ಕಿಟಕಿಗೆ, ಗಾಜಿನ ಬಾಗಿಲಿಗೆ ‘ಟಫನ್ಡ್’ ಗಾಜೇ ಇರಲಿ. ಒಡೆದರೂ ಚೂರಿಯಂತೆ ಸೀಳದೆ ಸಣ್ಣ ಹರಳಾಗಿ ಉದುರುತ್ತದೆ. ಆದರೆ ಹದ ಮಾಡಿದ ಮೇಲೆ ಅದನ್ನು ಕತ್ತರಿಸಲಾಗದು. ಅಳತೆ ಮೊದಲೇ ಸರಿಯಿರಬೇಕು. ಬಚ್ಚಲಿಗೆ ಒರಟು ಮೈಯ ಗಾಜು ಸಾಕು. ಕನ್ನಡಿಯಂತೆ ಹೊಳೆಯುವ ಗಾಜು ಹಗಲು ಮರೆ ಕೊಡುತ್ತದೆ, ರಾತ್ರಿ ಒಳಗೆ ದೀಪ ಹಚ್ಚಿದರೆ ಬೀದಿಗೆ ಎಲ್ಲವೂ ಕಾಣುತ್ತದೆ. ಎರಡು ಪದರದ ಗಾಜು ಎಸಿ ಕೋಣೆಗೆ ಸರಿ. ದಿನವಿಡೀ ಕಿಟಕಿ ತೆರೆದಿಡುವ ಮನೆಗೆ ದಂಡ.

ಕೊನೆಯದಾಗಿ, ಎರಡು ಹಳಿಯ ಜಾರುವ ಕಿಟಕಿ ತೆರೆಯುವುದು ಅರ್ಧ ಮಾತ್ರ. ರೆಕ್ಕೆ ಕಿಟಕಿ ಪೂರ್ತಿ ತೆರೆಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಮಂಜಿನಲ್ಲಿ ಮುಚ್ಚಿದ ಗಾಜು ಹಿತ. ಕೆಳಗಿನ ಬಯಲಿನಲ್ಲಿ ಏಪ್ರಿಲ್ ರಾತ್ರಿ ಬೇಕಾದದ್ದು ಪೂರ್ತಿ ತೆರೆಯುವ ಕಿಟಕಿ, ಅದಕ್ಕೊಂದು ಸೊಳ್ಳೆ ಜಾಲರಿ. ಗಾಜಿನ ಅಂಗಡಿಗೆ ಹೋಗುವ ಮೊದಲು ಒಂದು ದಿನ ಕಟ್ಟುತ್ತಿರುವ ಮನೆಯಲ್ಲಿ ಸಂಜೆ ನಾಲ್ಕಕ್ಕೆ ನಿಂತು, ಬಿಸಿಲು ಯಾವ ಗೋಡೆಗೆ ಬೀಳುತ್ತದೆ ನೋಡಿ. ಬಣ್ಣದ ಮಾತು ಆಮೇಲೆ.