ಗಾಜಿನ ಕೊಳದ ಕಾಯಕಜೀವಿಗಳು

ಮಹಾನಗರಗಳ ಎರಡು ಕೋಣೆಯ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದಡಿ ಉದ್ದದ ಗಾಜಿನ ತೊಟ್ಟಿಯೊಂದು ಕಾಣಿಸಿಕೊಳ್ಳತೊಡಗಿದೆ. ಒಳಗೆ ಹಸಿರು ಗಿಡಗಳು, ಒಂದು ಮರದ ಬೇರು, ನಾಲ್ಕಾರು ಕಲ್ಲು. ನೋಡಿದವರೆಲ್ಲ ಮೊದಲು ಕೇಳುವುದು ‘ಮೀನು ಎಲ್ಲಿ?’ ಎಂದು. ಮೀನಿಲ್ಲ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಎಲೆಗಳ ಮೇಲೆ ಎರಡು ಸೆಂಟಿಮೀಟರ್ ಉದ್ದದ ಕೆಂಪು ಸಿಗಡಿಗಳು ಬಿಡುವಿಲ್ಲದೆ ಏನನ್ನೋ ಹೆಕ್ಕಿ ಬಾಯಿಗಿಡುತ್ತಿರುವುದು ಗೋಚರಿಸುತ್ತದೆ. ಕರಾವಳಿಯವರಾದರೆ, ಇವು ಸಾರಿಗೂ ಸಾಲವಲ್ಲ ಎಂದು ನಗುತ್ತಾರೆ.

ಅಂದಕ್ಕಾಗಿ ಸಾಕುತ್ತಿದ್ದ ಮೀನು ಹೊರಗೆ ಹೋಗಿ, ಕಸ ತೆಗೆಯುವ ಪ್ರಾಣಿಯೇ ತೊಟ್ಟಿಯ ಯಜಮಾನನಾದ ಈ ಬದಲಾವಣೆಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಒಂದೇ ಪ್ರಶ್ನೆಯ ದಾರದಲ್ಲಿ ಪೋಣಿಸಬಹುದೆಂದು ನಮಗನ್ನಿಸುತ್ತದೆ: ಗಾಜಿನೊಳಗಿನ ನೀರನ್ನು ಚೊಕ್ಕಟವಾಗಿಡುವವರು ಯಾರು?

ಮೀನಿನೊಡನೆ ಮನುಷ್ಯನ ವಿನೋದ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲಾಗಿದೆ, ಮೀನಿನ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಕ್ರಮ ಎಲ್ಲವೂ ಅಲ್ಲಿವೆ. ಸರಿಸುಮಾರು ಅದೇ ಕಾಲದ ಚೀನಾದಲ್ಲಿ ಹೊಂಬಣ್ಣದ ಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಮುಂದೆ ಅವು ಪಿಂಗಾಣಿ ಪಾತ್ರೆಗಳಿಗೂ ಬಂದವು. ಕೊಳವು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಪಾತ್ರೆಯ ನೀರನ್ನಾದರೋ ಯಾರಾದರೂ ಚೆಲ್ಲಿ ಹೊಸದನ್ನು ತುಂಬಲೇಬೇಕು. ಚೆಲ್ಲದೆಯೇ ನೀರನ್ನು ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ದೊರೆತದ್ದು ರಸಾಯನಶಾಸ್ತ್ರದಲ್ಲಿ.

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಕೆಟ್ಟುಹೋದ ಗಾಳಿಯಲ್ಲಿ ಪುದೀನದ ಚಿಗುರೊಂದನ್ನು ಇಟ್ಟ. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್, ಈ ಕೆಲಸವನ್ನು ಗಿಡದ ಹಸಿರು ಭಾಗಗಳು ಮಾಡುತ್ತವೆ, ಅದೂ ಬೆಳಕಿದ್ದಾಗ ಮಾತ್ರ ಎಂದು ತೋರಿಸಿದ. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಏಳುವ ಗುಳ್ಳೆಗಳೇ ಅವನಿಗೆ ಸಾಕ್ಷಿಯಾದವು. ಇಂದು ಗಿಡ ನೆಟ್ಟ ತೊಟ್ಟಿಯಲ್ಲಿ ಎಲೆಯಂಚಿನಿಂದ ಮುತ್ತಿನಂತೆ ಮೇಲೇರುವ ಗುಳ್ಳೆಗಳನ್ನು ನೋಡಿ ಹಿಗ್ಗುವ ನಾವೆಲ್ಲ ಇಂಗೆನ್‌ಹೌಸನ ಪ್ರಯೋಗವನ್ನೇ ಮತ್ತೆ ನೋಡುತ್ತಿರುತ್ತೇವೆ.

1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಬಾಟಲಿಯಲ್ಲಿಟ್ಟು ಮುಚ್ಚಿದ. ಆ ಮಣ್ಣಿನಲ್ಲಿ ಜರಿಗಿಡವೂ ಹುಲ್ಲೂ ತಾವಾಗಿ ಮೊಳೆತು, ನೀರೆರೆಯದೆಯೇ ಬಾಳಿದವು. ಇದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗೆ ‘ವಾರ್ಡಿಯನ್ ಕೇಸ್’ ಎಂಬ ಹೆಸರಾಯಿತು. ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ, ದಕ್ಷಿಣ ಅಮೆರಿಕದ ಸಿಂಕೋನಾ ನಮ್ಮ ನೆರೆಯ ನೀಲಗಿರಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಮೇಜಿನ ಮೇಲಿನ ನಿರುಪದ್ರವಿ ಗಾಜಿನ ಪೆಟ್ಟಿಗೆಯ ವಂಶವೃಕ್ಷದಲ್ಲಿ ಸಾಮ್ರಾಜ್ಯದ ವ್ಯಾಪಾರವೂ ಸೇರಿದೆ.

ಗಿಡದ ಪೆಟ್ಟಿಗೆಯ ಜೊತೆಜೊತೆಗೆ ನೀರಿನ ಪೆಟ್ಟಿಗೆಯೂ ರೂಪುಗೊಳ್ಳುತ್ತಿತ್ತು. ಸಿಸಿಲಿಯಲ್ಲಿ ನೆಲೆಸಿದ್ದ ಫ್ರೆಂಚ್ ಮಹಿಳೆ ಜಾನ್ ವಿಲ್‌ಪ್ರೂ ಪವರ್, ಆರ್ಗೊನಾಟ್ ಎಂಬ ಕಡಲಜೀವಿಯ ಚಿಪ್ಪಿನ ರಹಸ್ಯವನ್ನು ಬಿಡಿಸಲು 1832ರಲ್ಲಿ ಗಾಜಿನ ತೊಟ್ಟಿಯನ್ನು ಬಳಸಿದಳು. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದು ಸಾಕಿದಳು. ಸಮುದ್ರ ದೂರ, ನೀರು ಅಮೂಲ್ಯ. ಹಾಗಾಗಿ ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿದು ಸುರಿದು ಗಾಳಿಯಾಡಿಸುವ ಏರ್ಪಾಡಾಯಿತು. ಆ ಕೆಲಸ ಮಾಡಿದವಳು ಮನೆಗೆಲಸದಾಕೆ. ಇತಿಹಾಸ ಮನೆಯೊಡತಿಯ ಹೆಸರನ್ನು ಬರೆದಿಟ್ಟಿತು. ಇಂದಿನ ಗಾಳಿಯ ಪಂಪು ಗುರ್‌ ಎನ್ನುತ್ತ ಮಾಡುವ ದುಡಿಮೆಯನ್ನು ತೋಳಿನಿಂದ ಮಾಡಿದವಳ ಹೆಸರು ನಮಗೆ ಒದಗಿಲ್ಲ.

ಗಿಡ ನೆಟ್ಟ ಸಿಹಿನೀರಿನ ತೊಟ್ಟಿಯ ನಿಜವಾದ ಜನ್ಮ 1849ರಲ್ಲಿ, ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಜ್ಞನ ಕೈಯಲ್ಲಿ. ಹನ್ನೆರಡು ಗ್ಯಾಲನ್, ಎಂದರೆ ಸುಮಾರು 55 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಆತ ಮರಳು, ಕಲ್ಲು, ವ್ಯಾಲಿಸ್ನೇರಿಯಾ ಎಂಬ ಪಟ್ಟಿಯಂಥ ಎಲೆಯ ಜಲಸಸ್ಯ ಮತ್ತು ಎರಡು ಚಿನ್ನದ ಮೀನುಗಳನ್ನು ಇಟ್ಟ. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರುವುದು, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುವುದು: ಇದು ಅವನ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಪಾತ್ರೆಯಲ್ಲಿ ಮಾತ್ರ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿಗೆ ಹಸಿರು ಪಾಚಿ ಹತ್ತಿತು. ಆಗ ವಾರಿಂಗ್ಟನ್ ಕೊಳದಿಂದ ಐದಾರು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೂ ಪಾಚಿಯನ್ನೂ ಮೇಯ್ದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಮೀನು ಮತ್ತು ಗಿಡ ಎಂಬ ಜೋಡಿಗೆ ಮೂರನೆಯದೊಂದು, ಹೇಸಿಗೆಯೆಂದು ನಾವು ತಳ್ಳುವ ಜೀವಿಯೊಂದು ಸೇರಿದ ಮೇಲಷ್ಟೇ ತೊಟ್ಟಿ ಬದುಕಿತು.

ಆಮೇಲಿನದು ಹುಚ್ಚಿನ ಕಾಲ. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ‘ಫಿಶ್ ಹೌಸ್’ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಬಂದು, ಆ ಪದವೇ ಮನೆಮಾತಾಯಿತು. ಮುಂಬಯಿಗೆ ಬಂದ ನೆಂಟರನ್ನು ನಾವೆಲ್ಲ ಕರೆದುಕೊಂಡು ಹೋಗುತ್ತಿದ್ದ, 1951ರಲ್ಲಿ ಆರಂಭವಾದ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯ ಇದೇ ಪರಂಪರೆಯ ದೂರದ ಕುಡಿ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಗಾಸ್‌ನ ಹೆಸರು ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಮೂಲಕ ಪರಿಚಿತ. ತಂದೆಯ ಪುಸ್ತಕಗಳನ್ನು ಓದಿ ಉತ್ಸಾಹಗೊಂಡ ಜನರ ದಂಡು ಕಡಲಂಚಿನ ಬಂಡೆಗಳ ಹೊಂಡಗಳನ್ನು ಬರಿದುಮಾಡಿದ್ದನ್ನೂ, ಅದಕ್ಕಾಗಿ ತಂದೆ ಕೊರಗಿದ್ದನ್ನೂ ಮಗ ಅಲ್ಲಿ ದಾಖಲಿಸಿದ್ದಾನೆ. ಕಡಲನ್ನು ಪ್ರೀತಿಸಲು ಕಲಿಸಿದ ಪುಸ್ತಕವೇ ಅದರ ದಂಡೆಯ ಲೂಟಿಗೂ ಕಾರಣವಾಯಿತು. ಈ ಮಾತನ್ನು ಮುಂದೆ ನೆನೆಯಬೇಕಾಗುತ್ತದೆ.

ವಾರಿಂಗ್ಟನ್ನನ ಲೆಕ್ಕದಲ್ಲಿ ಇನ್ನೊಂದು ಕೆಲಸಗಾರ ಬಿಟ್ಟುಹೋಗಿದ್ದ. ಪ್ರಾಣಿಯ ಮಲದಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯಾ ವಿಷ. ಅದು ನೈಟ್ರೈಟ್ ಆಗಿ, ಆನಂತರ ಹೆಚ್ಚು ಸೌಮ್ಯವಾದ ನೈಟ್ರೇಟ್ ಆಗಿ ಮಾರ್ಪಟ್ಟಾಗಲೇ ಜೀವಿಗಳಿಗೆ ನೆಮ್ಮದಿ. ಇದು ಸೂಕ್ಷ್ಮಜೀವಿಗಳ ಕೆಲಸವೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ 1877ರಲ್ಲಿ ತೋರಿಸಿದರು. ಆ ಕೆಲಸ ಎರಡು ಹಂತಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆಂದು ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕಂಡುಕೊಂಡವನು ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ಮೊದಲಿನವನ ಮಗ. 1890ರಲ್ಲಿ ರಷ್ಯಾದ ವಿನೊಗ್ರಾಡ್ಸ್ಕಿ ಅಂಥ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಿ ತೋರಿಸಿದ. ತಂದೆ ಬಸವನಹುಳುವನ್ನು ಕಂಡ. ಮಗ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ತಂದೆಯ ಪಾತ್ರೆಯ ಮರಳಿನಲ್ಲೂ ದುಡಿಯುತ್ತಿದ್ದ ಅದೃಶ್ಯರ ಸುಳಿವು ಹಿಡಿದ. ವಿಜ್ಞಾನದ ಇತಿಹಾಸದಲ್ಲಿ ಇಂಥ ಮನೆತನದ ಕಥೆಗಳು ಅಪರೂಪ.

ಸಿಗಡಿಯ ಪ್ರವೇಶ ಇದಾದ ಸುಮಾರು ನೂರು ವರ್ಷಗಳ ಮೇಲೆ. ಜಪಾನಿನ ನೀಗಾಟಾದಲ್ಲಿ 1954ರಲ್ಲಿ ಹುಟ್ಟಿದ ತಕಾಶಿ ಅಮಾನೊ ಮೊದಲು ವೃತ್ತಿಪರ ಸೈಕಲ್ ಸ್ಪರ್ಧಿ, ಆಮೇಲೆ ಕಾಡಿನ ಛಾಯಾಗ್ರಾಹಕ. ಬೆಟ್ಟ, ಹುಲ್ಲುಗಾವಲು, ಪಾಚಿ ಹಿಡಿದ ಬಂಡೆಗಳ ನೋಟವನ್ನು ನೀರಿನೊಳಗೆ ಗಿಡಗಳಿಂದ ಕಟ್ಟುವ ‘ನೇಚರ್ ಅಕ್ವೇರಿಯಂ’ ಪದ್ಧತಿ ಅವನದು. 1982ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿದ. ಗಿಡಗಳಿಗೆಂದು ಬೆಳಕು ಹೆಚ್ಚಿಸಿದರೆ ಕೂದಲಿನಂಥ ಪಾಚಿಯೂ ಹೆಚ್ಚುತ್ತದೆ. ಅದನ್ನು ತಿನ್ನಲು ಅವನು ಜಪಾನಿನ ತೊರೆಗಳ ಸಿಗಡಿಯೊಂದನ್ನು ಬಳಕೆಗೆ ತಂದ. ಶಾಸ್ತ್ರೀಯವಾಗಿ ಕ್ಯಾರಿಡಿನಾ ಮಲ್ಟಿಡೆಂಟಾಟಾ ಎನಿಸಿಕೊಳ್ಳುವ ಅದಕ್ಕೆ ಲೋಕವೆಲ್ಲ ಅಮಾನೊ ಸಿಗಡಿ ಎಂದೇ ಕರೆಯುತ್ತದೆ. ಅಮಾನೊ 2015ರಲ್ಲಿ ತೀರಿಕೊಂಡ. ಅದೇ ವರ್ಷ ಲಿಸ್ಬನ್ನಿನಲ್ಲಿ ಅವನು ಕಟ್ಟಿದ 40 ಮೀಟರ್ ಉದ್ದದ ನೀರೊಳಗಿನ ಕಾಡು ಜನರ ದರ್ಶನಕ್ಕೆ ತೆರೆದಿತ್ತು.

ಅಮಾನೊ ಸಿಗಡಿ ತೊಟ್ಟಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಮೊಟ್ಟೆಯನ್ನೂ ಹೊರುತ್ತದೆ. ಆದರೆ ಮರಿಗಳು ಉಳಿಯುವುದಿಲ್ಲ. ಅವುಗಳ ಮರಿಹುಳುಗಳು ತೊರೆಯಲ್ಲಿ ತೇಲಿ ಕಡಲು ಸೇರಿ, ಉಪ್ಪುನೀರಿನಲ್ಲಿ ಬೆಳೆದು, ಮತ್ತೆ ಸಿಹಿನೀರಿಗೆ ಏರಿ ಬರಬೇಕು. ಚೆರ್ರಿ ಸಿಗಡಿಯ ಬಗೆ ಬೇರೆ. ಚೀನಾ, ತೈವಾನ್ ಕಡೆಯ ಈ ಜಾತಿಯಲ್ಲಿ ತಾಯಿಯ ಹೊಟ್ಟೆಯಡಿಯ ಮೊಟ್ಟೆಯಿಂದ ಪೂರ್ಣರೂಪದ ಪುಟ್ಟ ಸಿಗಡಿಯೇ ಹೊರಬರುತ್ತದೆ, ಕಡಲಿನ ಹಂಗಿಲ್ಲ. ಮೂಲ ಬಣ್ಣ ಮಾಸಲು ಕಂದು. ಕೆಂಪು, ನೀಲಿ, ಹಳದಿಗಳೆಲ್ಲ ತಲೆಮಾರುಗಳ ಆಯ್ಕೆಯ ಫಲ. ಆರಿಸುವುದನ್ನು ಬಿಟ್ಟು ಎಲ್ಲವನ್ನೂ ಬೆರೆಸಿದರೆ ಕೆಲವೇ ತಲೆಮಾರುಗಳಲ್ಲಿ ಕಂದು ಮರಳುತ್ತದೆ. ಒಂದು ಬಗೆ ಸುಖವಾಗಿದ್ದೂ ಮುಂದಿನ ಪೀಳಿಗೆಯನ್ನು ಕಾಣದು. ಇನ್ನೊಂದರ ಪೀಳಿಗೆ ಬೆಳೆದರೂ ನಿಗಾ ತಪ್ಪಿದರೆ ಬಣ್ಣ ಉಳಿಯದು. ವರ್ಗಾವಣೆಯ ಆದೇಶ ಹಿಡಿದು ಊರೂರು ಸುತ್ತಿ, ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವುದೇ ಎಂದು ಯೋಚಿಸುವ ನಮಗೆ ಈ ಸಂಗತಿ ಬರಿಯ ಪ್ರಾಣಿಶಾಸ್ತ್ರವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಹೊಸದಾಗಿ ತೊಟ್ಟಿ ಇಡುವವರು ಈ ಇತಿಹಾಸವನ್ನು ಅದೇ ಅನುಕ್ರಮದಲ್ಲಿ ಪಾಲಿಸಿದರೆ ಸಾಕು. 20ರಿಂದ 30 ಲೀಟರಿನ ತೊಟ್ಟಿ, ತೊಳೆದ ಮರಳು, ಜಾವಾ ಪಾಚಿ, ಅನುಬಿಯಾಸ್, ವ್ಯಾಲಿಸ್ನೇರಿಯಾದಂಥ ಸಾಧು ಗಿಡಗಳು, ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜು. ಆಮೇಲೆ ನಾಲ್ಕರಿಂದ ಆರು ವಾರ ಕಾಯುವುದು. ಈ ಕಾಯುವಿಕೆಯಲ್ಲೇ ಕಿರಿಯ ವಾರಿಂಗ್ಟನ್ನನ ಅದೃಶ್ಯ ಜೀವಿಗಳು ಮರಳಿನಲ್ಲೂ ಸ್ಪಂಜಿನಲ್ಲೂ ನೆಲೆಯೂರುತ್ತವೆ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆ ಹತ್ತು ಚೆರ್ರಿ ಸಿಗಡಿಗಳನ್ನು ಬಿಡಬಹುದು. ನಲ್ಲಿಯ ಕ್ಲೋರಿನ್ ಹೋಗಲಾಡಿಸಿದ ನೀರನ್ನು ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲಿನಷ್ಟು ಬದಲಿಸಿದರೆ ಸಾಕು. ಪೊರೆ ಬಿಟ್ಟು ಬೆಳೆಯುವ ಪ್ರಾಣಿಯಾದ್ದರಿಂದ ನೀರಿನಲ್ಲಿ ಸುಣ್ಣದ ಅಂಶ ತುಸು ಇರಲೇಬೇಕು. ಹೈದರಾಬಾದಿನ ಕೊಳವೆಬಾವಿಯ ಗಡಸು ನೀರಿಗೂ ಚೆರ್ರಿ ಹೊಂದಿಕೊಂಡೀತು. 1990ರ ದಶಕದಲ್ಲಿ ಜಪಾನಿನ ಹಿಸಾಯಾಸು ಸುಜುಕಿ ರೂಪಿಸಿದ ಕೆಂಪು–ಬಿಳಿ ಪಟ್ಟೆಯ ಕ್ರಿಸ್ಟಲ್ ರೆಡ್ ಸಿಗಡಿಗೆ ಮೆದು ನೀರೂ ತಂಪೂ ಬೇಕು, ದಿಲ್ಲಿಯ ಮೇ ತಿಂಗಳನ್ನು ಅದು ತಾಳದು. ತಾಮ್ರ ಬೆರೆತ ಮೀನಿನ ಔಷಧಿಯೂ ಕೋಣೆಯಲ್ಲಿ ಹೊಡೆಯುವ ಕೀಟನಾಶಕವೂ ಸಿಗಡಿಗೆ ಮಾರಕ.

ಇನ್ನು ಗಾಸ್ ಕೊರಗಿದ ಮಾತು. ಪಶ್ಚಿಮಘಟ್ಟದಲ್ಲಿ, ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ ಮಾತ್ರ ಇರುವ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಮೀನು ‘ಮಿಸ್ ಕೇರಳ’ ಎಂಬ ಹೆಸರಿನಲ್ಲಿ ಲೋಕದ ತೊಟ್ಟಿಗಳಿಗೆ ಹೋಯಿತು. 2005ರಿಂದ 2012ರ ನಡುವೆ ಅಳಿವಿನ ಭೀತಿಯಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ರಫ್ತಾದವೆಂದು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಹೆಚ್ಚಾಗಿ ರಫ್ತಾದವುಗಳಲ್ಲಿ ಇಂಥ ಬಾರ್ಬ್‌ಗಳೂ ಸೇರಿದ್ದವು. ಇಂಡೊನೇಷ್ಯದ ಸುಲಾವೆಸಿ ದ್ವೀಪದ ಮಟಾನೊ ಸರೋವರದಲ್ಲಿ ಬಿಳಿ ಚುಕ್ಕೆಗಳ ಕೆಂಪು ಸಿಗಡಿಯೊಂದಿದೆ. 2009ರಲ್ಲಷ್ಟೇ ಅದಕ್ಕೆ ಶಾಸ್ತ್ರೀಯ ಹೆಸರಾಯಿತು. ಅಷ್ಟರಲ್ಲಾಗಲೇ ಅದು ಅಂಗಡಿಗಳಲ್ಲಿತ್ತು. ಹೊರಗಿನಿಂದ ತಂದುಬಿಟ್ಟ ಮೀನುಗಳ ಹಾವಳಿಯೂ ಸೇರಿ, ಇಂದು ಅದು ಅಳಿವಿನ ತೀವ್ರ ಅಪಾಯದಲ್ಲಿದೆ. ಹವ್ಯಾಸಿಗಳ ತೊಟ್ಟಿಗಳಲ್ಲಿ ಮಾತ್ರ ಅದರ ಸಂತತಿ ಮುಂದುವರಿದಿದೆ. ಕಸಿದ ಪೆಟ್ಟಿಗೆಯೇ ಕಾಪಿಡುವ ಪೆಟ್ಟಿಗೆಯೂ ಆಗಬಲ್ಲುದು. ಯಾವುದಾಗಬೇಕೆಂಬುದು ಕೊಳ್ಳುವವರ ಕೈಯಲ್ಲೂ ಇದೆ.

ಹಾಗಾಗಿ ಚೆನ್ನೈನ ಕೊಳತ್ತೂರಿಗಾಗಲಿ, ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿಗಾಗಲಿ ಹೋದಾಗ ಬೆಲೆ ಕೇಳುವ ಮೊದಲು ಇನ್ನೊಂದು ಮಾತು ಕೇಳೋಣ: ಇದು ಹಿಡಿದದ್ದೋ, ಸಾಕಿ ಬೆಳೆಸಿದ್ದೋ? ತೊಟ್ಟಿ ಬೇಡವಾದ ದಿನ ಅದರ ಜೀವಿಗಳನ್ನು ಊರ ಕೆರೆಗೆ ಸುರಿಯದೆ ಇನ್ನೊಬ್ಬ ಹವ್ಯಾಸಿಗೆ ಒಪ್ಪಿಸೋಣ. ಕಸ ತೆಗೆಯುವ ಸಿಗಡಿ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಗಾಜಿನ ಹೊರಗಿನ ಹೊಳೆ, ಕೆರೆಗಳ ಲೆಕ್ಕ ಮಾತ್ರ ಅದರ ಪಾಲಿಗೆ ಬರುವುದಿಲ್ಲ, ನಮ್ಮ ಪಾಲಿಗೆ ಬರುತ್ತದೆ.