‘ಹಾಲು ಬಿಡಿಸುವುದು’: ಒಂದು ಮಾತಿನ ಪೂರ್ವಕಥೆ

ಕೂಸಿಗೆ ಹಾಲು ಬಿಡಿಸುವುದೆಂಬ ಮಾತು ನಿಮ್ಮೆಲ್ಲರ ಮನೆಯಲ್ಲಿಯೂ ಬಳಕೆಯಲ್ಲಿರುವುದೇ. ಎದೆಗೆ ಬೇವಿನ ರಸ ಹಚ್ಚಿ ಮಗುವನ್ನು ದೂರಮಾಡುವ ಹಿಂದಿನವರ ಉಪಾಯವನ್ನೂ ನೀವು ಕೇಳಿರಬಹುದು. ‘ಬಿಡು’ ಎಂಬುದರ ಪ್ರೇರಣಾರ್ಥಕ ರೂಪ ‘ಬಿಡಿಸು’. ಮಗು ತಾನಾಗಿ ಬಿಡುವುದಿಲ್ಲ, ದೊಡ್ಡವರು ಬಿಡಿಸುತ್ತಾರೆ ಎಂಬ ಭಾವ ಆ ರೂಪದಲ್ಲಿಯೇ ಅಡಗಿದೆ.

ಇದಕ್ಕೆ ಇಂಗ್ಲಿಷಿನಲ್ಲಿ ‘ವೀನ್’ ಎನ್ನುತ್ತಾರೆ. ಅದರ ಮೂಲವನ್ನು ಶೋಧಿಸಿದರೆ ಸೋಜಿಗವಾಗುತ್ತದೆ. ಹಳೆಯ ಇಂಗ್ಲಿಷಿನ ‘ವೆನಿಯನ್’ ಎಂಬ ಪದಕ್ಕೆ ರೂಢಿ ಮಾಡಿಸು, ಪಳಗಿಸು ಎಂದರ್ಥ. ರೂಢಿ ತಪ್ಪಿಸುವುದಕ್ಕೆ ‘ಆವೆನಿಯನ್’ ಎಂಬ ಉಪಸರ್ಗ ಸಹಿತವಾದ ರೂಪವಿತ್ತು. ಕಾಲಕ್ರಮದಲ್ಲಿ ಉಪಸರ್ಗ ಉದುರಿತು; ರೂಢಿ ಮಾಡಿಸುವ ಪದವೇ ರೂಢಿ ತಪ್ಪಿಸುವ ಅರ್ಥವನ್ನು ಹೊತ್ತುಕೊಂಡಿತು. ಅದರ ಸೋದರ ಭಾಷೆಯಾದ ಜರ್ಮನಿನಲ್ಲಿ ‘ಗೆವ್ಯೋನೆನ್’, ‘ಎಂಟ್‌ವ್ಯೋನೆನ್’ ಎಂಬ ಎರಡು ರೂಪಗಳೂ ಬೇರೆಬೇರೆಯಾಗಿಯೇ ಉಳಿದಿವೆ. ಫ್ರೆಂಚರ ‘ಸೆವ್ರೆ’ ಎಂಬುದಾದರೋ, ಬೇರ್ಪಡಿಸು ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು.

ಹೀಗೆ ಒಂದು ನುಡಿ ಅಗಲಿಕೆಯನ್ನು ಕಂಡಿತು, ಮತ್ತೊಂದು ಅಭ್ಯಾಸವನ್ನು ಕಂಡಿತು. ಇವೆರಡರ ನಡುವೆ ಇರುವ ಅವಧಿಗೆ ಹೆಸರೇ ಇಲ್ಲವೆ?

ಉಂಟು. ಸುಶ್ರುತ ಸಂಹಿತೆ ಬಾಲ್ಯವನ್ನು ಮೂರಾಗಿ ವಿಂಗಡಿಸಿದೆ. ವರ್ಷ ತುಂಬುವವರೆಗೆ ಮಗು ‘ಕ್ಷೀರಪ’, ಎಂದರೆ ಹಾಲು ಕುಡಿಯುವುದು, ಎರಡು ವರ್ಷದವರೆಗೆ ‘ಕ್ಷೀರಾನ್ನಾದ’, ಹಾಲನ್ನೂ ಅನ್ನವನ್ನೂ ಉಣ್ಣುವುದು, ಆಮೇಲೆ ‘ಅನ್ನಾದ’. ಆರನೆಯ ತಿಂಗಳಲ್ಲಿ ಹಗುರವಾದ ಅನ್ನವನ್ನು ಉಣಿಸಬೇಕೆಂದು ಅದೇ ಗ್ರಂಥ ಹೇಳುತ್ತದೆ. ಆದರೂ ವರ್ಷ ತುಂಬುವವರೆಗೆ ಮಗುವಿನ ಹೆಸರು ಕ್ಷೀರಪವೆಂದೇ! ಅನ್ನಪ್ರಾಶನವು ಅನ್ನದ ಆರಂಭವೇ ಹೊರತು ಹಾಲಿನ ಮುಕ್ತಾಯವಲ್ಲ.

ಇದು ಬರಿಯ ನಿಘಂಟಿನ ವಿಚಾರವಲ್ಲ. ‘ಅನ್ನ ಉಣ್ಣಲು ಕಲಿಯಿತಲ್ಲ, ಇನ್ನು ಹಾಲೇಕೆ?’ ಎಂದು ಆತುರಪಡುವ ಮನೆಗಳುಂಟು. ಹಾಗೆ ಥಟ್ಟನೆ ಬಿಡಿಸಿದರೆ ಸೊರಗುವುದು ಕೂಸು. ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು, ಅನಂತರ ಅನ್ನದೊಡನೆ 2 ವರ್ಷ ಅಥವಾ ಅದಕ್ಕೂ ಮುಂದೆ ಹಾಲೂ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ನಿಲ್ಲಿಸಬೇಕೆಂಬ ತಪ್ಪು ತಿಳಿವಳಿಕೆಗೆ ಎಡೆಯಾಗದಿರಲೆಂದೇ ತಜ್ಞರು ಇಂದು ‘ವೀನ್’ ಎಂಬ ಮಾತನ್ನು ಬದಿಗಿರಿಸಿ ‘ಪೂರಕ ಆಹಾರ’ ಎನ್ನುತ್ತಿದ್ದಾರೆ.

ನಾವು ಹಾಲು ಬಿಡಿಸುವುದೆಂಬ ಮಾತನ್ನು ಬಿಡಬೇಕಾಗಿಲ್ಲ. ಆ ಮಾತು ನಾಲಗೆಗೆ ಬಂದಾಗ, ಬಿಡಿಸುವುದಕ್ಕೆ ಮೊದಲು ರೂಢಿ ಮಾಡಿಸುವ ದೀರ್ಘ ಕಾಲವೊಂದುಂಟೆಂಬುದನ್ನು ನೆನೆದರೆ ಸಾಕು.