ಮಜ್ದಾ: ಹಿರೋಶಿಮಾದ ಹಟವಾದಿ ಕಾರು ಕಂಪನಿ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬೆಳೆದವರಿಗೆ ಮಜ್ದಾ ಎಂದರೆ ಸ್ವರಾಜ್ ಮಜ್ದಾ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದ ಮಿನಿಬಸ್ಸು, ಮದುವೆ ದಿಬ್ಬಣಕ್ಕೆ ಗೊತ್ತುಮಾಡಿದ ವ್ಯಾನು, ಮಂಡಿಗೆ ಸಾಮಾನು ಹೇರುವ ಚಿಕ್ಕ ಲಾರಿ. ಆ ಹೆಸರಿನ ಹಿಂದಿದ್ದ ಜಪಾನಿನ ಕಂಪನಿ ಭಾರತದಲ್ಲಿ ಷೋರೂಮು ತೆರೆದು ತನ್ನ ಕಾರುಗಳನ್ನು ಮಾರಿದ್ದೇ ಇಲ್ಲ. ಹಾಗಾಗಿ ಅದರ ನಿಜವಾದ ಕಥೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

ಟೊಯೋಟಾ, ಹೋಂಡಾಗಳ ಪಕ್ಕದಲ್ಲಿ ಮಜ್ದಾ ಸಣ್ಣದು. ಆದರೂ ಮಿಕ್ಕ ಕಂಪನಿಗಳೆಲ್ಲ ಕೈಬಿಟ್ಟ ಒಂದು ಎಂಜಿನ್ನನ್ನು ದಶಕಗಳ ಕಾಲ ಹಿಡಿದುಕೊಂಡು ಕೂತದ್ದು ಇದೊಂದೇ. ಆ ಹಟದ ಫಲವನ್ನೂ ನಷ್ಟವನ್ನೂ ಕಂಪನಿಯ ಜೊತೆಗೆ ಅದರ ಕಾರು ಕೊಂಡವರೂ ಉಂಡಿದ್ದಾರೆ.

ಬೆಂಡಿನ ಕಾರ್ಖಾನೆ

1920ರ ಜನವರಿಯಲ್ಲಿ ಹಿರೋಶಿಮಾದಲ್ಲಿ ‘ಟೋಯೊ ಕಾರ್ಕ್ ಕೋಗ್ಯೊ’ ಎಂಬ ಸಂಸ್ಥೆ ಶುರುವಾಯಿತು. ಮೊದಲ ಮಹಾಯುದ್ಧದ ಕಾರಣ ಯುರೋಪಿನ ಕಾರ್ಕ್ ಬರುವುದು ನಿಂತಾಗ, ಜಪಾನಿನಲ್ಲೇ ಬೆಳೆಯುವ ಓಕ್ ಜಾತಿಯ ಮರದ ತೊಗಟೆಯಿಂದ ಬೆಂಡು ಮಾಡಲು ಶುರುವಾಗಿದ್ದ ಉದ್ಯೋಗ ಅದು. ಮರುವರ್ಷ ಅದರ ಅಧ್ಯಕ್ಷರಾದ ಜೂಜಿರೊ ಮತ್ಸುದಾ ಬೆಸ್ತರ ಮನೆಯಲ್ಲಿ ಹುಟ್ಟಿ, ಕಮ್ಮಾರಿಕೆ ಕಲಿತು, ಯಂತ್ರಗಳ ಕೆಲಸದಲ್ಲಿ ಪಳಗಿದವರು. ಯುದ್ಧ ಮುಗಿದಿದ್ದರಿಂದ ಹೊರಗಿನ ಕಾರ್ಕ್ ಮತ್ತೆ ಬರತೊಡಗಿತು. 1925ರಲ್ಲಿ ಕಾರ್ಖಾನೆಗೆ ಬೆಂಕಿಯೂ ಬಿತ್ತು. ಮತ್ಸುದಾ ಯಂತ್ರೋಪಕರಣಗಳ ಕಡೆ ತಿರುಗಿದರು. 1927ರಲ್ಲಿ ಕಂಪನಿಯ ಹೆಸರಿನಿಂದ ‘ಕಾರ್ಕ್’ ಹೋಗಿ ಟೋಯೊ ಕೋಗ್ಯೊ ಎಂದಷ್ಟೇ ಉಳಿಯಿತು.

1931ರಲ್ಲಿ ಬಂದ ಮೊದಲ ವಾಹನ ಮೂರು ಚಕ್ರದ್ದು, ಹೆಸರು ಮಜ್ದಾ-ಗೋ. ಮುಂದೆ ಬೈಕಿನ ಹ್ಯಾಂಡಲ್ಲು, ಹಿಂದೆ ಸಾಮಾನಿನ ತೊಟ್ಟಿ, 482 ಸಿ.ಸಿ. ಎಂಜಿನ್, ನಮ್ಮ ಗೂಡ್ಸ್ ಆಟೋಗಳ ಹಿರಿಯ ಎನ್ನಬಹುದು. ಮಜ್ದಾ ಎಂಬ ಹೆಸರು ಮತ್ಸುದಾ ಮನೆತನಕ್ಕೂ, ಪಾರಸಿಗಳು ಪೂಜಿಸುವ ಅಹುರ ಮಜ್ದಾನಿಗೂ ಸಲ್ಲುವಂತೆ ಇಟ್ಟದ್ದು.

1945, ಆಗಸ್ಟ್ 6

ಅಣುಬಾಂಬು ಬಿದ್ದ ದಿನ ಜೂಜಿರೊ ಮತ್ಸುದಾ ಅವರಿಗೆ 70 ತುಂಬಿತ್ತು. ಬಾಂಬು ಸಿಡಿದ ಜಾಗದಿಂದ ಕಾರ್ಖಾನೆ ಸುಮಾರು 5 ಕಿ.ಮೀ. ದೂರ. ನಡುವೆ ಹಿಜಿಯಾಮಾ ಎಂಬ ಗುಡ್ಡ ಅಡ್ಡವಿದ್ದುದರಿಂದ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ನಗರದೊಳಗಿದ್ದ ಅನೇಕ ನೌಕರರು ಉಳಿಯಲಿಲ್ಲ. ನೆಲಸಮವಾದ ಊರಿನಲ್ಲಿ ಸರ್ಕಾರಿ ಕಚೇರಿ ನಡೆಸಲೂ ಸೂರಿರಲಿಲ್ಲ. ಪ್ರಾಂತದ ಆಡಳಿತ ಸುಮಾರು ಒಂದು ವರ್ಷ ಈ ಕಾರ್ಖಾನೆಯ ಕಟ್ಟಡದಲ್ಲೇ ನಡೆಯಿತು. ಅದೇ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಶುರುವಾಯಿತು. ಊರು ಕಟ್ಟುವ ಇಟ್ಟಿಗೆ, ಮರ, ಧಾನ್ಯ ಹೊತ್ತದ್ದು ಇವೇ ಗಾಡಿಗಳು. ಹಿರೋಶಿಮಾದ ಜನಕ್ಕೆ ಮಜ್ದಾ ಬರೀ ಒಂದು ಕಂಪನಿಯಾಗಿ ಉಳಿಯದಿರಲು ಇದು ಕಾರಣ. ಊರಿನ ಬೇಸ್‌ಬಾಲ್ ತಂಡ ‘ಹಿರೋಶಿಮಾ ಟೋಯೊ ಕಾರ್ಪ್’ ಹೆಸರಿನಲ್ಲಿ ಇಂದಿಗೂ ಆ ‘ಟೋಯೊ’ ಇದೆ.

ಜೂಜಿರೊ ಅವರ ಮಗ ಟ್ಸುನೆಜಿ 1951ರಲ್ಲಿ ಅಧ್ಯಕ್ಷರಾದರು. 1960ರಲ್ಲಿ ಕಂಪನಿಯ ಮೊದಲ ಕಾರು ಆರ್360 ಬಂತು: 356 ಸಿ.ಸಿ., ತೂಕ 380 ಕಿಲೋ, ಬೆಲೆ 3 ಲಕ್ಷ ಯೆನ್.

ಪಿಸ್ಟನ್ ಇಲ್ಲದ ಎಂಜಿನ್

ಸಣ್ಣ ಕಂಪನಿಗಳನ್ನು ದೊಡ್ಡವುಗಳ ಜೊತೆ ವಿಲೀನ ಮಾಡಬೇಕೆಂಬ ಆಲೋಚನೆ ಆಗ ಜಪಾನ್ ಸರ್ಕಾರದಲ್ಲಿತ್ತು. ಬೇರೆಯವರ ಬಳಿ ಇಲ್ಲದ್ದೊಂದು ತಮ್ಮ ಬಳಿ ಇದ್ದರೆ ಮಾತ್ರ ಉಳಿಗಾಲ ಎಂದು ಟ್ಸುನೆಜಿ ತೀರ್ಮಾನಿಸಿ, 1961ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಫೆಲಿಕ್ಸ್ ವಾಂಕೆಲ್ ರೂಪಿಸಿದ ರೋಟರಿ ಎಂಜಿನ್ನಿನ ಪರವಾನಗಿ ಕೊಂಡರು.

ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ, ಆ ಓಟವನ್ನು ಕ್ರ್ಯಾಂಕು ತಿರುಗುವಿಕೆಯಾಗಿ ಮಾಡುತ್ತದೆ. ರೋಟರಿಯಲ್ಲಿ ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್ ಒಂದು, ನೆಲಗಡಲೆಕಾಯಿಯ ಹಾಗೆ ನಡು ಒತ್ತಿದ ಗೂಡಿನೊಳಗೆ ಸುತ್ತುತ್ತದೆ. ಅದರ ಮೂರು ಮುಖಗಳಿಗೂ ಗೂಡಿನ ಗೋಡೆಗೂ ನಡುವಿನ ಜಾಗ ಹಿಗ್ಗುತ್ತ ಕುಗ್ಗುತ್ತ ಹೋಗುವಾಗ ಗಾಳಿ–ಪೆಟ್ರೋಲ್ ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ಹೊರಗೆ ಹಾಕುವುದು ಎಲ್ಲವೂ ನಡೆಯುತ್ತವೆ. ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟು ಮೂರು ಸುತ್ತು ತಿರುಗಿರುತ್ತದೆ. ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ಕುಲುಕಾಟವೂ ಇಲ್ಲ. ಗಾತ್ರ ಚಿಕ್ಕದು, ತೂಕ ಕಡಿಮೆ.

ತೊಡಕಿರುವುದು ರೋಟರಿನ ಮೂರು ತುದಿಗಳಲ್ಲಿ. ಗೋಡೆಯನ್ನು ಸವರಿಕೊಂಡೇ ಸಾಗಬೇಕಾದ ಅಲ್ಲಿನ ಸೀಲುಗಳು ಅದುರಿ ಗೋಡೆಯ ಉದ್ದಕ್ಕೂ ಗೀರು ಬೀಳಿಸುತ್ತಿದ್ದವು. ಮಜ್ದಾದವರು ಆ ಗೀರುಗಳನ್ನು ಸೈತಾನನ ಉಗುರಿನ ಗುರುತು ಎಂದು ಕರೆದರು. 1963ರಲ್ಲಿ ಕೆನಿಚಿ ಯಮಾಮೊಟೊ ಮುಂದಾಳತ್ವದಲ್ಲಿ 47 ಜನ ಎಂಜಿನಿಯರುಗಳ ತಂಡ ಇದಕ್ಕೆಂದೇ ಕೂತಿತು. ಸತ್ತ ಒಡೆಯನಿಗಾಗಿ ಪ್ರಾಣ ಕೊಟ್ಟ 47 ಸಮುರಾಯಿಗಳ ಕಥೆ ಜಪಾನಿನಲ್ಲಿ ಮನೆಮಾತು; ಈ ತಂಡಕ್ಕೂ ಅದೇ ಹೆಸರು ಬಿತ್ತು. ಕಡೆಗೆ ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿ ಮಾಡಿದ ಸೀಲು ಕೈಹಿಡಿಯಿತು. 1967ರ ಮೇ ತಿಂಗಳಲ್ಲಿ ಎರಡು ರೋಟರಿನ ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು.

ಅದೇ ವರ್ಷ ಎನ್‌ಎಸ್‌ಯು ತನ್ನ ರೋಟರಿ ಕಾರು ಆರ್‌ಒ80 ಬಿಟ್ಟಿತ್ತು. ಅದರ ಸೀಲುಗಳು ಬೇಗ ಸವೆದವು. ಆ ಕಾರಿನವರು ರಸ್ತೆಯಲ್ಲಿ ಎದುರಾದರೆ ತಮಗೆ ಎಷ್ಟನೆಯ ಎಂಜಿನ್ ಎಂದು ಬೆರಳೆತ್ತಿ ತೋರಿಸುತ್ತಿದ್ದರೆಂಬ ಮಾತು ಇಂದಿಗೂ ಓಡಾಡುತ್ತದೆ. ವಾರಂಟಿಯ ಖರ್ಚಿಗೆ ಕುಸಿದ ಎನ್‌ಎಸ್‌ಯು 1969ರಲ್ಲಿ ಫೋಕ್ಸ್‌ವ್ಯಾಗನ್ ಬಳಗದ ಪಾಲಾಯಿತು. ವಿದ್ಯೆ ಮಾರಿದವರು ಮುಳುಗಿದರು, ಕೊಂಡವರು ದಡ ಸೇರಿದರು.

ಪೆಟ್ರೋಲ್ ತುಟ್ಟಿಯಾದಾಗ

ಆ ದಡವೂ ಗಟ್ಟಿಯಾಗಿರಲಿಲ್ಲ. ರೋಟರಿಯ ಉರಿಯುವ ಜಾಗ ಉದ್ದ ಮತ್ತು ತೆಳು, ಹಾಗಾಗಿ ಪೆಟ್ರೋಲ್ ಪೂರ್ತಿ ಉರಿಯದೆ ಪೋಲಾಗುತ್ತದೆ. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ, ಊರೊಳಗಿನ ಓಟದಲ್ಲಿ ಈ ಕಾರುಗಳು ಲೀಟರಿಗೆ 5 ಕಿ.ಮೀ. ಕೂಡ ಕೊಡುವುದಿಲ್ಲವೆಂದು ಅಮೆರಿಕದ ಸರ್ಕಾರಿ ಪರೀಕ್ಷೆಯೇ ಹೇಳಿತು. ಅಲ್ಲಿನ ಮಾರಾಟ ಬಿದ್ದುಹೋಯಿತು. ಸುಮಿಟೊಮೊ ಬ್ಯಾಂಕು ಕೈಹಿಡಿದು ಎತ್ತಬೇಕಾಯಿತು. ಕಾರ್ಖಾನೆಯ ನೌಕರರನ್ನು ಕೆಲಸದಿಂದ ತೆಗೆಯುವ ಬದಲು ಕಾರು ಮಾರಲು ಡೀಲರುಗಳ ಬಳಿಗೆ ಕಳಿಸಿದರು. ಮತ್ಸುದಾ ಮನೆತನದ ಮೂರನೆಯ ತಲೆಮಾರು 1977ರಲ್ಲಿ ಅಧ್ಯಕ್ಷಗಿರಿ ಬಿಟ್ಟಿತು. 1979ರಲ್ಲಿ ಫೋರ್ಡ್ ಕಾಲುಭಾಗದಷ್ಟು ಷೇರು ಕೊಂಡಿತು.

ಲಾಭದ ಲೆಕ್ಕ ಮಾತ್ರ ನೋಡಿದ್ದರೆ ರೋಟರಿ ಅಲ್ಲಿಗೇ ಮುಗಿಯಬೇಕಿತ್ತು. ಅದನ್ನು ಮನೆಮಂದಿಯ ಕಾರುಗಳಿಂದ ತೆಗೆದು, ವೇಗ ಬಯಸುವವರ ಕಾರಿಗೆ ಮಾತ್ರ ಮೀಸಲಿಟ್ಟರು. 1978ರಲ್ಲಿ ಬಂದ ಆರ್‌ಎಕ್ಸ್-7 ಮೂರು ತಲೆಮಾರು ಕಂಡು, 2002ರವರೆಗೆ 8 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ರೋಟರಿ ಇಟ್ಟುಕೊಂಡವರು

ರೋಟರಿ ಕಾರು ಕೊಂಡವರು ಮೊದಲು ಕಲಿಯುವ ಪಾಠ ಆಯಿಲಿನದು. ಸೀಲುಗಳು ಒಣಗಬಾರದೆಂದು ಈ ಎಂಜಿನ್ ಬೇಕೆಂದೇ ಚೂರು ಚೂರು ಆಯಿಲನ್ನು ಉರಿಯುವ ಜಾಗಕ್ಕೆ ಬಿಡುತ್ತದೆ, ಅದು ಪೆಟ್ರೋಲಿನ ಜೊತೆ ಸುಟ್ಟುಹೋಗುತ್ತದೆ. ಬೇರೆ ಕಾರಿನಲ್ಲಿ ಆಯಿಲ್ ಇಳಿದರೆ ಅದು ರೋಗ, ಇದರಲ್ಲಿ ಇಳಿಯದಿದ್ದರೆ ರೋಗ. ಎರಡು ಸಲ ಪೆಟ್ರೋಲ್ ಹಾಕಿಸುವುದರೊಳಗೆ ಒಮ್ಮೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡುವುದು ಇವರಿಗೆ ರೂಢಿ.

ಎರಡನೆಯದು, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಬಾರದು. ಗೇಟಿನಿಂದ ಹೊರಗೆ ನಿಲ್ಲಿಸಿ ಬಂದರಾಯಿತು ಎಂದುಕೊಂಡರೆ ಮುಗಿಯಿತು: ಪೆಟ್ರೋಲ್ ಒಳಗೆ ಉಳಿದು, ಗೋಡೆಯ ಆಯಿಲನ್ನು ತೊಳೆದು, ಸೀಲು ಹಿಡಿತ ತಪ್ಪಿ, ಪ್ಲಗ್ಗು ತೊಯ್ದು ಕೂರುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ‘ಓವರ್‌ಫ್ಲೋ ಆಗಿದೆ’ ಎನ್ನುವುದು ಇದನ್ನೇ. ಆಗ ಪ್ಲಗ್ಗು ಬಿಚ್ಚಿ, ಒಳಗಿನದನ್ನು ಹೊರದೂಡಿ, ಒಣಗಿಸಿ ಕೂಡಿಸಬೇಕು. ಮೂರನೆಯದು ವಿಚಿತ್ರ ಎನಿಸಬಹುದು: ಎಂಜಿನ್ ಬಿಸಿಯಾದ ಮೇಲೆ ಆಗಾಗ ಮೀಟರಿನ ಕೆಂಪು ಗೆರೆಯವರೆಗೂ ಓಡಿಸಬೇಕು. ಮೆಲ್ಲಗೇ ಓಡಿಸುತ್ತಿದ್ದರೆ ಮಸಿ ಕಟ್ಟಿ ಸೀಲು ಸಿಕ್ಕಿಕೊಳ್ಳುತ್ತದೆ. ಜೋಪಾನ ಮಾಡುತ್ತೇವೆಂದು ನಿಧಾನಕ್ಕೆ ಓಡಿಸಿದವರ ಎಂಜಿನ್ನೇ ಮೊದಲು ಕೆಟ್ಟ ಉದಾಹರಣೆಗಳು ಬೇಕಾದಷ್ಟಿವೆ.

2003ರ ಆರ್‌ಎಕ್ಸ್-8ರಲ್ಲಿ ಹೊಗೆ ಹೊರಹೋಗುವ ದಾರಿಯನ್ನು ಪಕ್ಕದ ಗೋಡೆಗೆ ಸರಿಸಿ ಮೈಲೇಜು ಸುಧಾರಿಸಿದರು. ಆ ಎಂಜಿನ್ನಿಗೆ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು, ಕೊಂಡವರಿಗೆ ತಲೆನೋವೂ ಬಂತು. ಕಂಪ್ರೆಷನ್ ಕಡಿಮೆಯಾಗಿ, ಬಿಸಿ ಎಂಜಿನ್ ಸ್ಟಾರ್ಟ್ ಆಗದೆ ನಿಲ್ಲುವ ದೂರುಗಳು ಹೆಚ್ಚಾದಾಗ ಕಂಪನಿ ಅಮೆರಿಕದಲ್ಲಿ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು. ಇಷ್ಟೆಲ್ಲ ಅನುಭವಿಸಿದವರನ್ನು ಮಾತಾಡಿಸಿದರೂ ಬಹಳ ಮಂದಿ ಹೇಳುವುದು ಒಂದೇ: 9,000 ಸುತ್ತಿನವರೆಗೆ ಅಲುಗಾಟವಿಲ್ಲದೆ ಏರುವ ಆ ದನಿ ಬೇರೆ ಕಾರಿನಲ್ಲಿ ಸಿಗುವುದಿಲ್ಲ.

ಲೆ ಮಾನ್, 1991

ಫ್ರಾನ್ಸಿನ 24 ಗಂಟೆಗಳ ಲೆ ಮಾನ್ ರೇಸನ್ನು 1991ರಲ್ಲಿ ನಾಲ್ಕು ರೋಟರಿನ ಮಜ್ದಾ 787ಬಿ ಗೆದ್ದಿತು. ಜಪಾನಿನ ಕಂಪನಿಯೊಂದು ಅದನ್ನು ಗೆದ್ದದ್ದು ಅದೇ ಮೊದಲು. ರೋಟರಿ ಗೆದ್ದದ್ದು ಅದೊಂದೇ ಸಲ. ಕೊನೆಯ ಸುತ್ತುಗಳನ್ನು ಓಡಿಸಿದ ಜಾನಿ ಹರ್ಬರ್ಟ್ ನಿತ್ರಾಣಗೊಂಡು ಕುಸಿದದ್ದರಿಂದ ಗೆಲುವಿನ ಕಟ್ಟೆ ಹತ್ತಲಾಗಲಿಲ್ಲ. ಎಂಜಿನ್ ಮಾತ್ರ ಗಟ್ಟಿಯಾಗಿಯೇ ಇತ್ತು.

ಮಿಯಾಟಾ

ನನ್ನ ಮಟ್ಟಿಗೆ ಮಜ್ದಾದ ದೊಡ್ಡ ಸಾಧನೆ ರೋಟರಿಯಲ್ಲ, ಮಾಮೂಲಿ 1.6 ಲೀಟರ್ ಎಂಜಿನ್ನಿನ ಎಂಎಕ್ಸ್-5. ಅಮೆರಿಕದವರು ಅದನ್ನು ಮಿಯಾಟಾ ಎನ್ನುತ್ತಾರೆ. ಇಬ್ಬರೇ ಕೂರುವ, ಚಾವಣಿ ಮಡಚಬಲ್ಲ ಬ್ರಿಟಿಷ್ ಕಾರುಗಳು ಮರೆಯಾಗುತ್ತಿದ್ದ ಹೊತ್ತಿನಲ್ಲಿ, ಅಂಥದ್ದನ್ನೇ ಕೆಡದ ಹಾಗೆ ಮಾಡಿ ಎಂದು ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ 1979ರಲ್ಲಿ ಯಮಾಮೊಟೊ ಅವರಿಗೆ ಸಲಹೆ ಕೊಟ್ಟಿದ್ದರು. ಹತ್ತು ವರ್ಷಗಳ ಮೇಲೆ, 1989ರಲ್ಲಿ ಅದು ಷಿಕಾಗೊ ಪ್ರದರ್ಶನದಲ್ಲಿ ನಿಂತಿತು. ತೂಕ ಒಂದು ಟನ್ನಿಗಿಂತ ಕಡಿಮೆ. ಕುದುರೆಯೂ ಸವಾರನೂ ಒಂದೇ ಮೈಯಾಗಿರಬೇಕು ಎಂಬುದು ಅದನ್ನು ರೂಪಿಸಿದವರ ಸೂತ್ರ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಕಾರು ಹೊರಬಂತು. ಈ ಬಗೆಯ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂಬ ಗಿನ್ನೆಸ್ ದಾಖಲೆಯೂ ಇದರದೇ.

ಇದಕ್ಕೂ ಉಪಚಾರ ಬೇಕು. ಹಳೆಯ ಮಿಯಾಟಾದ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಚಾವಣಿ ಮಡಚುವ ಮೊದಲು ಆ ಕಿಟಕಿಯ ಜಿಪ್ಪು ಬಿಚ್ಚಿ ಹಿಂದಕ್ಕೆ ಮಲಗಿಸಬೇಕು, ಇಲ್ಲವಾದರೆ ಮಡಿಕೆ ಬಿದ್ದು ಸೀಳುತ್ತದೆ. ಚಾವಣಿಯ ನೀರು ಇಳಿದುಹೋಗುವ ಸಣ್ಣ ಕೊಳವೆಗಳಲ್ಲಿ ಕಸ ಕಟ್ಟಿದರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು, ಹೊರಗಿನಿಂದ ಕಾಣದ ಹಾಗೆ ತುಕ್ಕು ತಿನ್ನುತ್ತದೆ. ಮೊದಲ ತಲೆಮಾರಿನ ಈ ಕಾರನ್ನು ಹೊಸದರಂತೆ ಮಾಡಿಕೊಡುವ ಸೇವೆಯನ್ನು ಜಪಾನಿನಲ್ಲಿ ಕಂಪನಿಯೇ ಶುರುಮಾಡಿ, ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಹಳೆಯ ಗಿರಾಕಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ತುಕ್ಕು, ಜೇಡ, ಡೀಸೆಲ್

ದಿನನಿತ್ಯದ ಮಜ್ದಾಗಳ ದೂರುಗಳೇ ಬೇರೆ. 2000ದ ದಶಕದ ಮಜ್ದಾ3, ಮಜ್ದಾ6 ಕಾರುಗಳು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ದೇಶಗಳಲ್ಲಿ ಹಿಂಬದಿ ಚಕ್ರದ ಕಮಾನಿನಿಂದ ತುಕ್ಕು ಹಿಡಿದು ಹೆಸರು ಕೆಡಿಸಿದವು. 2011ರಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 65,000 ಮಜ್ದಾ6 ಕಾರುಗಳನ್ನು ವಾಪಸ್ ಕರೆದದ್ದಕ್ಕೆ ಕಾರಣ ಒಂದು ಹಳದಿ ಜೇಡ. ಪೆಟ್ರೋಲ್ ವಾಸನೆಗೆ ಒಲಿಯುವ ಆ ಜೇಡ ಟ್ಯಾಂಕಿನ ಗಾಳಿಕೊಳವೆಯಲ್ಲಿ ಬಲೆ ಕಟ್ಟಿದರೆ, ಟ್ಯಾಂಕಿನೊಳಗೆ ಒತ್ತಡ ಏರುಪೇರಾಗಿ ಬಿರುಕು ಬಿಡುವ ಅಪಾಯವಿತ್ತು. 2011ರಿಂದ ಬಂದ ಸ್ಕೈಆಕ್ಟಿವ್ ಎಂಜಿನ್ನುಗಳಲ್ಲಿ ಪೆಟ್ರೋಲಿನವು ಒಳ್ಳೆಯ ಹೆಸರು ಗಳಿಸಿದವು. ಡೀಸೆಲಿನವು ಮಸಿ ಕಟ್ಟುವ ತೊಂದರೆಯಿಂದ 2018ರಲ್ಲಿ ದೊಡ್ಡ ಸಂಖ್ಯೆಯಲ್ಲಿ ವಾಪಸ್ ಬರಬೇಕಾಯಿತು. ಆದರೂ 2020ರ ಕೊನೆಯಲ್ಲಿ, ಮಾಲೀಕರನ್ನೇ ಕೇಳಿ ಪಟ್ಟಿ ಮಾಡುವ ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ನಂಬಿಕೆಗೆ ಅರ್ಹವಾದ ಬ್ರ್ಯಾಂಡುಗಳಲ್ಲಿ ಮಜ್ದಾಕ್ಕೆ ಮೊದಲ ಸ್ಥಾನ ಕೊಟ್ಟಿತು.

ಸ್ವರಾಜ್ ಮಜ್ದಾ

1980ರ ದಶಕದ ಆರಂಭದಲ್ಲಿ ಭಾರತ ಸರ್ಕಾರ ಲಘು ವಾಣಿಜ್ಯ ವಾಹನಗಳಿಗೆ ಜಪಾನಿನ ಸಹಯೋಗ ಒಪ್ಪಿದಾಗ ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್, ಐಷರ್ ಮಿತ್ಸುಬಿಷಿಗಳ ಜೊತೆ ಹುಟ್ಟಿದ್ದು ಸ್ವರಾಜ್ ಮಜ್ದಾ. ಪಂಜಾಬ್ ಟ್ರ್ಯಾಕ್ಟರ್ಸ್, ಮಜ್ದಾ ಮತ್ತು ಸುಮಿಟೊಮೊ ಸೇರಿ 1983ರಲ್ಲಿ ಕಟ್ಟಿದ ಈ ಕಂಪನಿಯ ಕಾರ್ಖಾನೆ ಇದ್ದದ್ದು ಪಂಜಾಬಿನಲ್ಲಿ. ಮುಂದೆ ಮಜ್ದಾ ಪಾಲು ಬಿಟ್ಟು ಇಸುಜು ಬಂತು, 2011ರಲ್ಲಿ ಹೆಸರು ಎಸ್‌ಎಂಎಲ್ ಇಸುಜು ಆಯಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರು ಬಹಳ ಕಾಲ ಉಳಿದಿತ್ತು.

ಈಗಿನ ಸ್ಥಿತಿ

ಫೋರ್ಡ್ 2008ರ ಆರ್ಥಿಕ ಕುಸಿತದಲ್ಲಿ ತನ್ನ ಷೇರು ಮಾರತೊಡಗಿ, 2015ರ ಹೊತ್ತಿಗೆ ಪೂರ್ತಿ ಹೊರನಡೆಯಿತು. 2017ರಿಂದ ಟೊಯೋಟಾ ಬಳಿ ಮಜ್ದಾದ ಸುಮಾರು ಶೇ 5ರಷ್ಟು ಷೇರಿದೆ. ಅಮೆರಿಕದ ಅಲಬಾಮಾದಲ್ಲಿ ಎರಡೂ ಕಂಪನಿಗಳು ಸೇರಿ ಕಾರ್ಖಾನೆ ನಡೆಸುತ್ತಿವೆ. ರೋಟರಿಯ ತಯಾರಿಕೆ 2012ರಲ್ಲಿ ಆರ್‌ಎಕ್ಸ್-8 ಜೊತೆ ನಿಂತಿತ್ತು. 2023ರಲ್ಲಿ ಹಿರೋಶಿಮಾದ ಉಜಿನಾ ಕಾರ್ಖಾನೆಯಲ್ಲಿ ಅದು ಮತ್ತೆ ಶುರುವಾಯಿತು, ಆದರೆ ಕೆಲಸ ಬದಲಾಗಿದೆ. ಎಂಎಕ್ಸ್-30 ಎಂಬ ಕಾರಿನಲ್ಲಿ 830 ಸಿ.ಸಿ.ಯ ಒಂಟಿ ರೋಟರ್ ಚಕ್ರ ತಿರುಗಿಸುವುದಿಲ್ಲ, ಬ್ಯಾಟರಿಗೆ ಕರೆಂಟು ತಯಾರಿಸುತ್ತದೆ.

ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನೆಲೆಸಿದ ಕನ್ನಡಿಗರು ಸೆಕೆಂಡ್‌ಹ್ಯಾಂಡ್ ಮಜ್ದಾ ನೋಡುವಾಗ ಮಾಡಬೇಕಾದ ಕೆಲಸ ಸರಳ. ಮಜ್ದಾ3, ಸಿಎಕ್ಸ್-5 ಥರದ ದಿನನಿತ್ಯದ ಕಾರಾದರೆ ಚಕ್ರದ ಕಮಾನುಗಳನ್ನು ಬೆರಳಿಟ್ಟು ಸವರಿ ನೋಡಿ, ಡೀಸೆಲ್ ಆದರೆ ಸರ್ವಿಸ್ ದಾಖಲೆ ಕೇಳಿ. ರೋಟರಿ ಆದರೆ ಮಾಮೂಲಿ ಕಂಪ್ರೆಷನ್ ಗೇಜು ಸಾಲದು. ಪ್ರತಿ ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಅಳೆಯುವ ಉಪಕರಣ ಇರುವ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ, ಆ ಅಂಕಿಗಳನ್ನು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.